ನಾಲ್ಕು ಇಪ್ಪತ್ತರ ಅಡುಗೆಮನೆ

ಕೊಯ್ಲು ಮುಗಿದು ಚಳಿ ಹೊರಡಲು ಗಂಟು ಕಟ್ಟುತ್ತಿದ್ದ ದಿನಗಳು. ಬೀದಿಯಲ್ಲಿ ಹುಲ್ಲಿನ ಗಾಡಿಗಳು ಒಂದರ ಹಿಂದೊಂದು ತೂಗಾಡುತ್ತ ಹೋಗುತ್ತಿದ್ದವು. ಗಾಡಿ ಹೋದ ಮೇಲೂ ಅದರ ಹೊಟ್ಟಿನ ಧೂಳು ಬಿಸಿಲಿನಲ್ಲಿ ಹಾಗೇ ನಿಂತಿರುತ್ತಿತ್ತು, ಎಲ್ಲಿಗೆ ಹೊರಟಿದ್ದೆವೆಂಬುದನ್ನು ಮರೆತವರ ಹಾಗೆ. ಮುಂದಿನ ಕೋಣೆಯ ಕಿಟಕಿಯ ಬಳಿ ಗಡಿಯಾರ ರಿಪೇರಿಯವನು ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ತನ್ನದೇ ಕೈಗಡಿಯಾರವನ್ನು ಬಿಚ್ಚಿಕೊಂಡು ಕೂತಿದ್ದ.

ಬಿಚ್ಚಿದ ಒಂದೊಂದು ಚೂರನ್ನೂ ಬಿಚ್ಚಿದ ಕ್ರಮದಲ್ಲೇ ಬಿಳಿ ಬಟ್ಟೆಯ ಮೇಲೆ ಸಾಲಾಗಿಡುವುದು ಅವನ ಪದ್ಧತಿ. ಮೊದಲು ಬಂದದ್ದು ಕೊನೆಗೆ ಹೋಗಬೇಕು. ಕೆಲಸ ಮುಗಿಯುವವರೆಗೆ ಅದನ್ನು ಯಾರೂ ಮುಟ್ಟಬಾರದು, ಅದರ ಹತ್ತಿರ ಕೆಮ್ಮಲೂಬಾರದು. ಅಪ್ಪನಿಂದ ಅವನಿಗೆ ಬಂದ ಆಸ್ತಿಯೆಂದರೆ ಈ ಪದ್ಧತಿ, ಆ ಭೂತಗನ್ನಡಿ ಮತ್ತು ಈ ಕಿಟಕಿ. ಗೋಡೆಯ ತುಂಬ ರಿಪೇರಿಗೆ ಬಂದ ಗಡಿಯಾರಗಳು ಮೂವತ್ತಿದ್ದವು. ಒಂದು ಏಳೂಕಾಲು ಎಂದರೆ ಪಕ್ಕದ್ದು ಹನ್ನೊಂದು ಎನ್ನುತ್ತಿತ್ತು, ಅದರಾಚೆಯದು ಎರಡಕ್ಕಿಂತ ಒಂದು ಮಿನಿಟೂ ಹೆಚ್ಚಿಗೆ ಒಪ್ಪುತ್ತಿರಲಿಲ್ಲ. ಪಾಲುಪಟ್ಟಿಗೆ ಕೂತ ದಾಯಾದಿಗಳ ಹಾಗೆ ಎಲ್ಲವೂ ಒಟ್ಟಿಗೇ ಮಾತಾಡುತ್ತಿದ್ದವು.

ಊರಿನವರು ಅವನನ್ನು ಕರೆಯುತ್ತಿದ್ದುದು ಒಂದ್ನಿಮಿಷದಪ್ಪ ಎಂದು. ಯಾರು ಏನು ಕೇಳಿದರೂ ತಲೆಯೆತ್ತದೆ ಅವನು ಕೊಡುತ್ತಿದ್ದ ಉತ್ತರ ಅದೊಂದೇ.

ಆವತ್ತಿನ ರಗಳೆಗೆಲ್ಲ ಮೂಲ ಒಂದು ಹೊಲಿಗೆ ಮೆಷಿನ್ನು. ಅದಿನ್ನೂ ಮನೆಗೆ ಬಂದಿರಲಿಲ್ಲ. ಬರುವ ಮೊದಲೇ ಜಗಳ ಬಂದಿತ್ತು.

"ರೀ, ಮೆಷಿನ್ ತರೋಕೆ ಹೊರಟಿದ್ದೀನಿ. ಎಲ್ಲಿಡೋದು ಅಂತ ಈಗ್ಲೇ ಹೇಳ್ಬಿಡಿ," ಎಂದಳು ಹೆಂಡತಿ, ಕೈಚೀಲ ಹಿಡಿದು ಬಾಗಿಲಲ್ಲಿ ನಿಂತು.

"ಒಂದ್ನಿಮಿಷ."

"ಮೂರು ತಿಂಗಳಿಂದ ಅದೇ ನಿಮಿಷ ನಡೀತಿದೆ."

"ಹಿಂದಿನ ಸೌದೆ ಕೋಣೇಲಿ ಇಡು. ಜಾಗ ಬೇಕಾದಷ್ಟಿದೆ."

"ಜಾಗ ಇದೆ, ಬೆಳಕೆಲ್ಲಿದೆ? ಆ ಕತ್ತಲಲ್ಲಿ ಹೊಲಿದ್ರೆ ಬಟ್ಟೆ ಜೊತೆ ನನ್ನ ಬೆರಳೂ ಸೇರಿಸಿ ಹೊಲಿದೇನು. ನಂಗೆ ಈ ಕಿಟಕಿ ಬೇಕು."

ಅವನು ಚಿಮಟ ಕೆಳಗಿಟ್ಟ. ಈ ಕಿಟಕಿ ಹೋಯಿತೆಂದರೆ ಅವನ ಕಸುಬು ಹೋದಂತೆ. ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗಿನ ತುದಿಯನ್ನು ಸೌದೆ ಕೋಣೆಯಲ್ಲಿ ಯಾವ ಕಣ್ಣಿನಿಂದ ಹುಡುಕುವುದು?

"ಇದು ಕಣ್ಣಿನ ಕೆಲಸ ಕಣೇ," ಎಂದ. ಅಲ್ಲಿಗೆ ನಿಲ್ಲಿಸಿದ್ದರೆ ಸರಿಹೋಗುತ್ತಿತ್ತು. "ಅಡುಗೆಮನೆ ಕೆಲಸದ ಹಾಗೆ ಕಣ್ಮುಚ್ಚಿಕೊಂಡು ಮಾಡೋದಲ್ಲ."

ಹೆಂಡತಿ ಕೈಚೀಲ ಕೆಳಗಿಟ್ಟಳು. ಅವಳು ಕೂಗಾಡುವವಳಲ್ಲ. ಸಿಟ್ಟು ಬಂದರೆ ಅವಳ ದನಿ ಇನ್ನಷ್ಟು ಮೆತ್ತಗಾಗುತ್ತಿತ್ತು. ಆಗ ಅದು ತೀರ ಮೆತ್ತಗಿತ್ತು.

"ಮುಚ್ಚೋದೇನೂ ಬೇಡ, ಕಣ್ಣು ಬಿಟ್ಕೊಂಡೇ ಮಾಡಿ. ಇವತ್ತು ರಾತ್ರಿ ಊಟ ನಿಮ್ಮದು. ಅನ್ನ, ಬೇಳೆ, ಒಂದು ಹೋಳು ಕುಂಬಳಕಾಯಿ, ಒಂದು ಪಾತ್ರೆ ಹಾಲು. ಇಷ್ಟೇ. ಆರು ಗಂಟೆ ಬಸ್ಸಿಗೆ ಬರ್ತೀನಿ. ನಾನು ಒಳಗೆ ಬಂದಾಗ ಅಡುಗೆ ಆಗಿರ್ಬೇಕು. ಕಟ್ಟೆ ಮೇಲೆ ಒಂದು ಕಾಳು ಬಿದ್ದಿರ್ಬಾರ್ದು, ತೊಳೆಯೋ ತೊಟ್ಟೀಲಿ ಒಂದು ಚಮಚ ಇರ್ಬಾರ್ದು, ನೆಲ ಒಣಗಿರ್ಬೇಕು. ಹಾಗಿದ್ರೆ ಈ ಕಿಟಕಿ ಕೊನೇವರ್ಗೂ ನಿಮ್ಮದು, ನಾನು ಸೌದೆ ಜೊತೆ ಕೂತು ಹೊಲೀತೀನಿ. ಇಲ್ಲಾಂದ್ರೆ ಕಿಟಕಿ ನಂದು."

"ಇಷ್ಟೇ ತಾನೆ?" ಎಂದು ನಕ್ಕ ಗಡಿಯಾರದವನು. ಹಳ್ಳ ಕಾಣದೆ ಬಟ್ಟೆ ಎತ್ತಿಕಟ್ಟಿದವನ ನಗೆ ಅದು.

ಹೊರಡುತ್ತ ಅವಳು ಮೆಟ್ಟಿಲ ಮೇಲೆ ತಿರುಗಿ ನಿಂತಳು. ಎಷ್ಟೆಂದರೂ ಕಟ್ಟಿಕೊಂಡವನು. "ಒಂದು ಮಾತು ಹೇಳ್ತೀನಿ ಕೇಳಿ. ಒಂದು ಕುದಿಯೋ ಹೊತ್ತಲ್ಲಿ ಇನ್ನೊಂದು ತೊಳೆದಿಟ್ಬಿಡಿ. ಸಿಪ್ಪೆ ಬುಟ್ಟಿ ಪಕ್ಕದಲ್ಲೇ ಇರ್ಲಿ, ಒರೆಸೋ ಬಟ್ಟೆ ಹೆಗಲ ಮೇಲಿರ್ಲಿ. ಕೆಲಸಾನ ಗುಡ್ಡೆ ಹಾಕ್ಕೋಬೇಡಿ. ಕೇಳಿಸ್ತಾ?"

"ಒಂದ್ನಿಮಿಷ," ಎಂದ ಅವನು. ಆಗಲೇ ಭೂತಗನ್ನಡಿಯೊಳಗೆ ಹೋಗಿಬಿಟ್ಟಿದ್ದ.

ಮಧ್ಯಾಹ್ನ ಮುಚ್ಚಿಟ್ಟಿದ್ದ ರೊಟ್ಟಿ ತಿಂದ. ಬಿಸಿಲಿನಲ್ಲಿ ಕಾಲು ಚಾಚಿದ. ಮೂವತ್ತು ಗಡಿಯಾರಗಳು ಮೂವತ್ತು ಅಜ್ಜಿಯರಂತೆ ತಟ್ಟಿ ತಟ್ಟಿ ಅವನನ್ನು ಮಲಗಿಸಿದವು. ಎಚ್ಚರವಾದಾಗ ಹುಲ್ಲಿನ ಗಾಡಿಗಳ ಸದ್ದು ನಿಂತಿತ್ತು. ಹೊತ್ತೆಷ್ಟೆಂದು ನೋಡಿಕೊಳ್ಳಲು ಮಣಿಕಟ್ಟು ಬರಿದಾಗಿತ್ತು. ಅವನ ವಾಚು ಹದಿನೇಳು ಚೂರಾಗಿ ಬಿಳಿ ಬಟ್ಟೆಯ ಮೇಲಿತ್ತು. ಗೋಡೆಯವನ್ನು ಕೇಳಿದರೆ ಮೂವತ್ತು ಉತ್ತರ. ಎದ್ದು ಅಡುಗೆಮನೆಗೆ ಹೋದ.

ಬಾಗಿಲ ಮೇಲುಗಡೆ, ಹೊಗೆ ಕುಡಿದು ಕಂದಿದ ಗೋಡೆಯಲ್ಲಿ ಹಳೆಯ ಕಾಲದ ಲೋಲಕದ ಗಡಿಯಾರವಿತ್ತು. ನಾಲ್ಕು ಇಪ್ಪತ್ತು. 'ಸರಿಯಾದ ಹೊತ್ತಿಗೇ ಎದ್ದೆ,' ಎಂದುಕೊಂಡ. ಇನ್ನೂ ಒಂದು ಗಂಟೆ ನಲವತ್ತು ನಿಮಿಷ. ಅಷ್ಟರಲ್ಲಿ ಮೂರು ಅಲಾರಂ ಗಡಿಯಾರ ಬಿಚ್ಚಿ ಜೋಡಿಸಬಹುದು.

ಅವನು ಇಲ್ಲಿ ನಿಂತದ್ದೇ ಕಡಿಮೆ. ಊಟ ನಡುಮನೆಗೆ ಬರುತ್ತಿತ್ತು, ನೀರು ಕೂತಲ್ಲಿಗೇ ಬರುತ್ತಿತ್ತು. ಈಗ ನೋಡಿದರೆ ಬೇರೆ ಯಾರದೋ ಮನೆಯಂತಿತ್ತು. ಮೂಡಲ ಕಿಟಕಿಯಿಂದ ನೀರು ಬೆರೆಸಿದ ಹಾಲಿನಂಥ ಬೆಳಕು ಬಂದು, ತೊಳೆದು ಬೋರಲು ಹಾಕಿದ ಪಾತ್ರೆಗಳ ಬೆನ್ನ ಮೇಲೆ ಸದ್ದಿಲ್ಲದೆ ಕೂತಿತ್ತು. ಒರೆಸಿದ ಕಲ್ಲಿನ ಕಟ್ಟೆಯ ಮೇಲೆ ಅವನ ಮುಖ ಮಸುಕಾಗಿ ಕಂಡಿತು. ಒಳಗೆ ಬಂದದ್ದೇ ತಪ್ಪಾಯಿತೇನೋ ಎನಿಸಿ, ಅವನು ಚಪ್ಪಲಿ ಬಿಟ್ಟು ಮತ್ತೊಮ್ಮೆ ಬಂದ.

ಮೊದಲು ಪದ್ಧತಿ. ಒಂದು ಬಿಳಿ ಬಟ್ಟೆ ಹುಡುಕಿದ. ಸಿಕ್ಕಿದ್ದು ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಹಾಸಿಗೆ ಹೊದಿಕೆ. ಅದನ್ನು ಕಟ್ಟೆಯ ಉದ್ದಕ್ಕೂ ಹಾಸಿದ. ಅಕ್ಕಿ ಅಳೆದ ಲೋಟವನ್ನು ಅದರ ಎಡತುದಿಯಲ್ಲಿಟ್ಟ. ಅಕ್ಕಿ ತೊಳೆದ ಬೋಗುಣಿ ಅದರ ಪಕ್ಕ. ಬೇಳೆಯ ಬಟ್ಟಲು, ಉಪ್ಪಿನ ಚಮಚ, ಉಪ್ಪು ಹೆಚ್ಚಾಯಿತೇನೋ ಎಂದು ನೋಡಿದ ಇನ್ನೊಂದು ಚಮಚ, ಹೆಚ್ಚಾಯಿತೆಂದು ಗೊತ್ತಾದ ಮೇಲೆ ನೀರು ಸುರಿದ ತಂಬಿಗೆ, ಎಲ್ಲ ಬಳಸಿದ ಕ್ರಮದಲ್ಲೇ. ಯಾವುದನ್ನೂ ತೊಳೆಯಲಿಲ್ಲ. ಅರ್ಧ ಕೆಲಸದಲ್ಲಿ ಚೂರುಗಳನ್ನು ಮುಟ್ಟುವವನು ಕಸುಬುದಾರನೇ ಅಲ್ಲ.

ಮೂರು ಬಾಯಿಯ ಒಲೆ ಹೊತ್ತಿತು. ಅನ್ನದ ಪಾತ್ರೆ ಒಂದರ ಮೇಲೆ, ಬೇಳೆ ಇನ್ನೊಂದರ ಮೇಲೆ. ಎರಡೂ ಸಣ್ಣಗೆ ಗುನುಗತೊಡಗಿದವು. ಆವಿ ಎದ್ದು ಅವನ ಕನ್ನಡಕಕ್ಕೆ ಮಂಜು ಕಟ್ಟಿತು.

"ಏನೋ ಇದು? ಪಾತ್ರೆ ಅಂಗಡಿ ಇಟ್ಯಾ?"

ಎದುರುಮನೆ ದೊಡ್ಡಮ್ಮ. ರಿಪೇರಿಗೆ ಕೊಟ್ಟಿದ್ದ ಅಲಾರಂ ಗಡಿಯಾರವನ್ನು ಮೊನ್ನೆಯಷ್ಟೇ ಒಯ್ದಿದ್ದಳು. ಕೂಲಿ ಕೊಟ್ಟ ಮನೆಗೆ ಬಂದು ಹೋಗುವುದು ತನ್ನ ಹಕ್ಕೆಂದು ತಿಳಿದವಳು. ಬೆಳಗಿನ ಪಂದ್ಯದ ಸುದ್ದಿ ಬಸ್ಸು ಹೊರಡುವ ಮೊದಲೇ ಬೀದಿಯನ್ನೆಲ್ಲ ಸುತ್ತಿಬಂದಿತ್ತು.

"ಕ್ರಮ, ದೊಡ್ಡಮ್ಮ. ಎಲ್ಲ ಕ್ರಮವಾಗಿದೆ ನೋಡು."

"ಕ್ರಮ ಇದೆ ಕಣೋ, ಚೊಕ್ಕಟ ಎಲ್ಲಿದೆ? ಎಂಜಲು ಚಮಚ ಸಾಲಾಗಿ ನಿಂತ ಮಾತ್ರಕ್ಕೆ ಸಿಪಾಯಿ ಆಗಲ್ಲ." ಅವನು ದಪ್ಪದಪ್ಪಗೆ ಹೆಚ್ಚಿಟ್ಟ ಕುಂಬಳಕಾಯಿಯನ್ನು ಅವಳು ನೋಡಿದಳು. "ಇದೇನು, ಹಸುವಿಗೆ ಹೆಚ್ಚಿದ್ದೀಯಾ? ತಾ ಇಲ್ಲಿ."

ಅವಳು ತನ್ನ ಕೈಗೆ ಒಗ್ಗಿದ ಬೇರೊಂದು ಚಾಕು ತೆಗೆದುಕೊಂಡಳು, ಬೇರೊಂದು ತಟ್ಟೆ ತೆಗೆದುಕೊಂಡಳು. ಅರ್ಧ ಹೆಚ್ಚಿದ ಮೇಲೆ ಮೊಂಡು ಎಂದು ಮೂರನೆಯ ಚಾಕು ತೆಗೆದಳು. ಬುಟ್ಟಿ ಹಿತ್ತಲಲ್ಲೇ ಉಳಿದಿತ್ತು, ಸಿಪ್ಪೆ ಬಿದ್ದದ್ದೆಲ್ಲ ನೆಲಕ್ಕೆ. ಅವಳು ಕೆಳಗಿಟ್ಟದ್ದನ್ನೆಲ್ಲ ಅವನು ಹಿಂದಿಂದಲೇ ಎತ್ತಿ ಸಾಲಿಗೆ ಸೇರಿಸುತ್ತ ಹೋದ.

"ಹಾಲು ಒಲೆಗಿಡು. ಕಣ್ಣು ತೆಗೀಬೇಡ ಅದರ ಮೇಲಿಂದ," ಎಂದು ಹೇಳಿ ದೊಡ್ಡಮ್ಮ ಕೈಯನ್ನು ಹಾಸಿಗೆ ಹೊದಿಕೆಗೇ ಒರೆಸಿಕೊಂಡು ಹೊರಟುಹೋದಳು.

ಅವನು ಕಣ್ಣು ತೆಗೆಯಲಿಲ್ಲ. ಆದದ್ದೇ ಅದರಿಂದ. ಹಾಲನ್ನು ಇಷ್ಟು ಹತ್ತಿರದಿಂದ ಅವನು ಎಂದೂ ನೋಡಿರಲಿಲ್ಲ. ಮೊದಲು ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಚಕ್ರದ ಹಲ್ಲುಗಳಂತೆ ಮೂಡಿದವು. ಆಮೇಲೆ ಕೆನೆ ಒಂದು ಕಡೆಗೆ ನಿಧಾನವಾಗಿ ತಿರುಗಿತು, ಅದರೊಳಗೆ ಇನ್ನೊಂದು ಸುತ್ತು ಎದುರು ದಿಕ್ಕಿಗೆ. ದೊಡ್ಡ ಚಕ್ರ ಸಣ್ಣ ಚಕ್ರವನ್ನು, ಸಣ್ಣದು ಇನ್ನೂ ಸಣ್ಣದನ್ನು. ಆಹಾ, ಯಾವ ಕಸುಬುದಾರ ಜೋಡಿಸಿದ್ದೋ! ಹಾಲು ಮೇಲೆ ಬಂತು. ಅವನ ಮನಸ್ಸೂ ಅದರ ಜೊತೆ ಮೇಲೆ ಬಂತು. ಬೆಳ್ಳಗೆ, ಮೆತ್ತಗೆ, ಮೋಡ ಏಳುವ ಹಾಗೆ...

ಸುಂಯ್ ಎಂದಿತು ಒಲೆ.

ಬೂದಿ ಎದ್ದಿತು. ಸುಟ್ಟ ಹಾಲಿನ ವಾಸನೆ ಎದ್ದಿತು. ಅವನು ಗಾಬರಿಯಲ್ಲಿ ಕೈಗೆ ಸಿಕ್ಕ ಬಟ್ಟೆಯನ್ನು ಎಳೆದ. ಹೆಗಲ ಮೇಲಿರಬೇಕಾದ ಒರೆಸುವ ಬಟ್ಟೆ ಹೆಗಲ ಮೇಲಿರಲಿಲ್ಲ. ಎಳೆದದ್ದು ಹಾಸಿಗೆ ಹೊದಿಕೆಯ ತುದಿ. ಲೋಟ ಮೊದಲು ಹೊರಟಿತು. ಅದರ ಹಿಂದೆ ಬೋಗುಣಿ, ಬಟ್ಟಲು, ಚಮಚ, ಇನ್ನೊಂದು ಚಮಚ, ತಂಬಿಗೆ, ಮೂರು ಚಾಕು, ಒಂದನ್ನೂ ತಪ್ಪಿಸದೆ ಇಟ್ಟ ಕ್ರಮದಲ್ಲೇ ನೆಲಕ್ಕೆ ಹಾರಿದವು. ಅಷ್ಟು ಶಿಸ್ತಿನಿಂದ ಪಾತ್ರೆಗಳು ಬಿದ್ದದ್ದನ್ನು ಆ ಬೀದಿ ಎಂದೂ ಕೇಳಿರಲಿಲ್ಲ.

ಮುಂದಿನ ಕೋಣೆಯಲ್ಲಿ ಮೂವತ್ತು ಗಡಿಯಾರಗಳು ಏನೂ ಆಗದವರಂತೆ ಟಿಕ್ ಟಿಕ್ ಎನ್ನುತ್ತಲೇ ಇದ್ದವು.

ಸದ್ದಿಗೆ ಓಡಿಬಂದವರು ಪಕ್ಕದ ಮನೆಯ ಮೇಷ್ಟ್ರು. ನಿವೃತ್ತರಾದ ಮೇಲೆ ದಿನಕ್ಕೊಮ್ಮೆ ಇಲ್ಲಿಗೆ ಬಂದು ತಮ್ಮ ವಾಚಿನ ಹೊತ್ತು ಸರಿಮಾಡಿಕೊಂಡು ಹೋಗುವುದೊಂದೇ ಅವರಿಗೆ ಉಳಿದ ಉದ್ಯೋಗ. ಹೊಸ್ತಿಲಲ್ಲಿ ನಿಂತು ನೆಲ ನೋಡಿದರು, ಸೂರು ನೋಡಿದರು.

"ಒರೆಸೋವಾಗ ಎಡದಿಂದ ಬಲಕ್ಕೆ ಒರೆಸ್ಬೇಕಯ್ಯ. ಬರೆಯೋ ಹಾಗೆ," ಎಂದರು. ಒರೆಸಲಿಲ್ಲ. "ಅದಿರ್ಲಿ, ಗಂಟೆ ಎಷ್ಟು? ನನ್ನದು ಐದೂಕಾಲು ತೋರಿಸ್ತಿದೆ."

ಗಡಿಯಾರದವನು ಬೂದಿ ಮೆತ್ತಿದ ಮುಖವೆತ್ತಿ ಬಾಗಿಲ ಮೇಲೆ ನೋಡಿದ. "ನಾಲ್ಕು ಇಪ್ಪತ್ತು."

ಹೇಳಿದ ಮೇಲೆ ಅವನಿಗೇ ಒಂದು ಗಳಿಗೆ ವಿಚಿತ್ರವೆನಿಸಿತು. ಆಗ ನೋಡಿದಾಗಲೂ ನಾಲ್ಕು ಇಪ್ಪತ್ತಲ್ಲವೇ? ಯೋಚಿಸಿದ. ಆಗಷ್ಟೇ ನಿದ್ದೆಯಿಂದ ಎದ್ದಿದ್ದ. ಮೂರು ಇಪ್ಪತ್ತನ್ನು ನಾಲ್ಕು ಇಪ್ಪತ್ತೆಂದು ಓದಿರಬೇಕು. ಹೌದು, ಹಾಗೇ ಆಗಿರಬೇಕು. ಅಂದರೆ ಒಂದು ಗಂಟೆ ಸುಮ್ಮನೆ ಕೈಗೆ ಬಂತು! ಕಳೆದುಹೋಯಿತೆಂದುಕೊಂಡ ದುಡ್ಡು ಹಳೆಯ ಅಂಗಿಯ ಜೇಬಿನಲ್ಲಿ ಸಿಕ್ಕ ಹಾಗಾಯಿತು.

"ನಾಲ್ಕು ಇಪ್ಪತ್ತಾ?" ಮೇಷ್ಟ್ರು ವಾಚನ್ನು ಕಿವಿಗಿಟ್ಟು ನೋಡಿದರು. "ಇದಕ್ಕೇನಾಯ್ತಯ್ಯ ಹಾಗಾದ್ರೆ?"

"ಎಣ್ಣೆ ಜಾಸ್ತಿ ಕುಡಿದಿದೆ ಮೇಷ್ಟ್ರೇ, ಓಡ್ತಿದೆ. ಹಿಂದಕ್ಕೆ ತಿರುಗ್ಸಿ."

ಮೇಷ್ಟ್ರು ವಿಧೇಯ ವಿದ್ಯಾರ್ಥಿಯಂತೆ ಕೀಲಿ ಹಿಡಿದು ಮುಳ್ಳನ್ನು ಹಿಂದಕ್ಕೆ ತಿರುಗಿಸಿದರು. ಅವರ ಮುಖ ಅರಳಿತು. "ನೋಡು, ಈ ವಯಸ್ಸಲ್ಲಿ ಯಾರಿಗಯ್ಯ ಐವತ್ತೈದು ನಿಮಿಷ ವಾಪಸ್ ಸಿಗುತ್ತೆ? ಇನ್ನೊಂದು ಸಣ್ಣ ನಿದ್ದೆ ಮಾಡ್ಬಹುದು," ಎನ್ನುತ್ತ ಮನೆಗೆ ಹೋದರು.

ಗಡಿಯಾರದವನು ಚೆಲ್ಲಿದ್ದನ್ನೆಲ್ಲ ಆರಿಸಿ ಮತ್ತೆ ಸಾಲಿಟ್ಟ. ಕಟ್ಟೆ ತುಂಬಿತು. ಕಿಟಕಿಯ ಅಂಚು ತುಂಬಿತು. ಒರಳ ಮೇಲೆ, ಅಕ್ಕಿ ಡಬ್ಬದ ಮೇಲೆ, ಕೊನೆಗೆ ನೆಲದ ಮೇಲೆ ಗೋಡೆಯುದ್ದಕ್ಕೂ ಸಾಲು ಬೆಳೆಯಿತು. ಹೊಸ ಪಾತ್ರೆ ಬೇಕಾದಾಗ ಹಳೆಯದನ್ನು ತೊಳೆಯದೆ ಅಟ್ಟದಿಂದ ಇನ್ನೊಂದನ್ನು ಇಳಿಸಿದ. ಮದುವೆಯಲ್ಲಿ ಬಂದು ಮತ್ತೆಂದೂ ಬೆಳಕು ಕಾಣದಿದ್ದ ಪಾತ್ರೆಗಳೆಲ್ಲ ಆವತ್ತು ಕೆಳಗಿಳಿದವು.

"ಅಣ್ಣಾ, ಏನೋ ಹೊತ್ತಿದ ವಾಸ್ನೆ!"

ಸೈಕಲನ್ನು ಜಗುಲಿಗೆ ಒರಗಿಸಿ ಅಂಚೆಯವನು ಒಳಗೆ ಬಂದ. ಕೆಸರು ಬೂಟಿನಲ್ಲೇ ಬಂದು, ಬರಿಗೈಯಲ್ಲಿ ಬೇಳೆಯ ಮುಚ್ಚಳ ಎತ್ತಿದ. ಬಿಸಿ ತಟ್ಟಿತು. ಅಯ್ಯಯ್ಯೋ ಎಂದು ಮುಚ್ಚಳವನ್ನು ಎಸೆದ. ಅದು ಹೋಗಿ ನೀರಿನ ಬಕೆಟ್ಟಿಗೆ ಬಡಿದು, ಬಕೆಟ್ಟು ಮಗುಚಿತು. ನೀರು ಬೂದಿಯನ್ನು, ಹಾಲನ್ನು, ಕುಂಬಳದ ಬೀಜಗಳನ್ನು ಸೇರಿಸಿಕೊಂಡು ನಿಧಾನವಾಗಿ ಬಾಗಿಲ ಕಡೆಗೆ ಹೊರಟಿತು. ಕುಂಬಳದ ಬೀಜಗಳು ಸಣ್ಣ ದೋಣಿಗಳಂತೆ ಅದರ ಮೇಲೆ ತೇಲಿದವು. ಇಬ್ಬರೂ ನೋಡುತ್ತ ನಿಂತರು.

"ಪಾಪ ಅಣ್ಣ, ನಾನೊಂದೆರಡು ತೊಳ್ದುಕೊಡ್ಲಾ?"

"ಬೇಡ, ಬೇಡ! ಕೆಲಸ ಮುಗಿಯೋ ತನಕ ಮುಟ್ಟಬಾರದು. ಕೊನೇಲಿ ಒಂದೇ ಸಲ ಬಲದಿಂದ ಎಡಕ್ಕೆ ತೊಳೀತಾ ಬಂದ್ರೆ ಆಯ್ತು. ಕಾಲು ಗಂಟೆ ಕೆಲಸ."

"ನಾನು ಹೊರಟೆ ಹಾಗಾದ್ರೆ. ಬಸ್ಸಿಂದ ಟಪ್ಪಾಲು ಚೀಲ ಇಳಿಸ್ಕೋಬೇಕು, ಹೊತ್ತಾಯ್ತೇನೋ."

"ಎಲ್ಲಿ ಹೊತ್ತಾಯ್ತು?" ಗಡಿಯಾರದವನು ತಲೆಯೆತ್ತಿದ. ನಾಲ್ಕು ಇಪ್ಪತ್ತು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದ. ನಾಲ್ಕು ಇಪ್ಪತ್ತು. ಈ ಸಲ ಅವನಿಗೆ ಗಾಬರಿಯಾಗಲಿಲ್ಲ. ಒಂದು ಬಗೆಯ ಹೆಮ್ಮೆಯೇ ಆಯಿತು. ನಲವತ್ತು ವರ್ಷ ಕಾಲದ ಜೊತೆ ಕೆಲಸ ಮಾಡಿದವನು ತಾನು. ಅಷ್ಟು ದಾಕ್ಷಿಣ್ಯವಾದರೂ ಬೇಡವೇ ಅದಕ್ಕೆ? ಒಳ್ಳೆಯ ಪದ್ಧತಿಯ ಮುಂದೆ ಹೊತ್ತೂ ತುಸು ತಡೆದು ನಿಲ್ಲುತ್ತದೆ. "ಬೇಕಾದಷ್ಟು ಟೈಮಿದೆ. ಕೂತ್ಕೋ."

ಅಂಚೆಯವನೂ ತನ್ನ ಮಣಿಕಟ್ಟಿನ ಕಡೆ ನೋಡಲಿಲ್ಲ. ಗಡಿಯಾರದವನ ಮನೆಯಲ್ಲಿ ಕೂತು ತನ್ನ ವಾಚು ನೋಡಿಕೊಳ್ಳುವುದು, ಬಾವಿಯ ಕಟ್ಟೆಯಲ್ಲಿ ಕೂತು ಮನೆಯಿಂದ ತಂದ ತಂಬಿಗೆಯ ನೀರು ಕುಡಿದ ಹಾಗೆ. ಅವನು ಮಣೆಯ ಮೇಲೆ ಕೂತ. ಇವನು ಒರಳಿನ ಪಕ್ಕ ಕೂತ. ಅನ್ನ ಬುಸುಬುಸು ಎನ್ನುತ್ತಿತ್ತು. ಮೂಡಲ ಕಿಟಕಿಯ ಬೆಳಕು ಬಣ್ಣ ಬದಲಿಸದೆ, ಎಲ್ಲಿಗೂ ಹೋಗಲಿಕ್ಕಿಲ್ಲದ ನೆಂಟನಂತೆ ನಿಂತಿತ್ತು. ಸುತ್ತ ಮೂವತ್ತೆಂಟು ಪಾತ್ರೆಗಳು ಒಂದರ ಪಕ್ಕ ಒಂದು. ಆವಿಯೊಳಗಿಂದ ನೋಡಿದರೆ ಅವೆಲ್ಲ ಯಾವುದೋ ಒಂದು ದೊಡ್ಡ ಗಡಿಯಾರದ ಚೂರುಗಳಂತೆ ಕಂಡವು. ಅದನ್ನು ಜೋಡಿಸಿ ಕೀಲಿ ಕೊಟ್ಟರೆ ಏನು ಹೊಡೆಯಬಹುದು, ಎಷ್ಟು ಹೊಡೆಯಬಹುದು ಎಂದು ಅವನು ಯೋಚಿಸುತ್ತಿದ್ದ. ಇಂಥ ಸುಖವಾದ ಜಾಗ ತನ್ನ ಮನೆಯಲ್ಲೇ ಇತ್ತೆಂದು ಇಷ್ಟು ದಿನ ಗೊತ್ತಿರಲಿಲ್ಲ.

ಆಗ ಬೀದಿಯ ತುದಿಯಲ್ಲಿ ಬಸ್ಸಿನ ಹಾರನ್ನು ಕೇಳಿಸಿತು.

"ಬಸ್ಸು!" ಅಂಚೆಯವನು ಚೇಳು ಕಡಿದವನಂತೆ ಎದ್ದು, ನೀರಿನಲ್ಲಿ ಒಮ್ಮೆ ಜಾರಿ, ಓಡಿದ.

'ಬಸ್ಸು ಬೇಗ ಬಂದಿದೆ,' ಎಂದುಕೊಂಡ ಗಡಿಯಾರದವನು, ಕೂತಲ್ಲಿಂದ ಏಳದೆ.

ಸ್ವಲ್ಪ ಹೊತ್ತಿಗೆ ಜಗುಲಿಯ ಮೇಲೆ ಹೆಜ್ಜೆಗಳಾದವು. ಮುಂದೆ ಹೆಂಡತಿ, ಹಿಂದೆ ಹೆಗಲಿಗೆ ಟಪ್ಪಾಲು ಚೀಲ ಹಾಕಿಕೊಂಡು ಸೈಕಲಿನ ಮೇಲೆ ಮೆಷಿನ್ನು ತಂದ ಅಂಚೆಯವನು. ಪಂದ್ಯದ ಫಲ ನೋಡಲು ಅಲಾರಂ ಗಡಿಯಾರವನ್ನೇ ಕಂಕುಳಲ್ಲಿ ಹಿಡಿದು ಬಂದ ದೊಡ್ಡಮ್ಮ. ನಿದ್ದೆಗಣ್ಣಿನ ಮೇಷ್ಟ್ರು. ಎಲ್ಲರೂ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತರು. ಯಾರೂ ದಾಟಲಿಲ್ಲ. ದಾಟಲು ಒಣನೆಲವಿರಲಿಲ್ಲ.

ಅನ್ನ ತಳ ಹಿಡಿದ ವಾಸನೆ ಎಲ್ಲರಿಗಿಂತ ಮೊದಲು ಹೊರಗೆ ಬಂದು ಸ್ವಾಗತಿಸಿತು.

ಹೆಂಡತಿ ನೋಡಿದಳು. ಹಾಸಿಗೆ ಹೊದಿಕೆ ನೋಡಿದಳು. ಅಟ್ಟದಿಂದ ಇಳಿದ ಮದುವೆಯ ಪಾತ್ರೆಗಳನ್ನು ನೋಡಿದಳು. ತೇಲಿಬಂದು ಅವಳ ಕಾಲಬೆರಳಿಗೆ ತಾಗಿ ನಿಂತ ಕುಂಬಳದ ಬೀಜವನ್ನೂ ನೋಡಿದಳು.

"ನೀನು ಬೇಗ ಬಂದೆ!" ಎಂದು ಎದ್ದ ಗಡಿಯಾರದವನು. "ಮಾತಾಗಿದ್ದು ಆರು ಗಂಟೆಗೆ. ಇನ್ನೂ ಹೊತ್ತಿದೆ. ಕಾಲು ಗಂಟೇಲಿ ಎಲ್ಲ ತೊಳೆದು ಥಳಥಳ ಮಾಡ್ತೀನಿ, ಆಮೇಲೆ ಬಾ. ನೋಡು ಬೇಕಾದ್ರೆ, ಈಗಿನ್ನೂ ನಾಲ್ಕು ಇಪ್ಪತ್ತು!"

ಅವನು ತೋರಿಸಿದ ಕಡೆ ಅವಳು ತಲೆಯೆತ್ತಿದಳು. ಗಡಿಯಾರವನ್ನು ನೋಡಿದಳು, ಗಂಡನನ್ನು ನೋಡಿದಳು. ಮೆಲ್ಲಗೆ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

"ಆರು ಹತ್ತು ಅಣ್ಣ," ಎಂದ ಅಂಚೆಯವನು, ಮಣಿಕಟ್ಟು ಚಾಚಿ.

"ಇದರಲ್ಲೂ ಆರು ಹತ್ತು," ಎಂದಳು ದೊಡ್ಡಮ್ಮ, ಕಂಕುಳು ಸಡಿಲಿಸಿ.

"ನನ್ನದರಲ್ಲಿ ಐದೂಕಾಲು," ಎಂದರು ಮೇಷ್ಟ್ರು.

"ನೋಡಿ! ಮೇಷ್ಟ್ರ ವಾಚು ನೋಡಿ! ಇನ್ನೂ ಮುಕ್ಕಾಲು ಗಂಟೆ ಇದೆ!" ಎಂದು ಕುಣಿದ ಗಡಿಯಾರದವನು.

"ಅದು ನೀನು ಹೇಳಿದ್ದಕ್ಕೆ ಹಿಂದಕ್ಕೆ ತಿರುಗಿಸಿದ್ದಲ್ವೇನಯ್ಯ," ಎಂದರು ಮೇಷ್ಟ್ರು ನೋವಿನಿಂದ. ಮರಳಿ ಸಿಕ್ಕಿದ್ದ ಐವತ್ತೈದು ನಿಮಿಷ ಅವರ ಮುಖದಿಂದ ಇಳಿದುಹೋಗುತ್ತಿರುವುದು ಎಲ್ಲರಿಗೂ ಕಾಣುತ್ತಿತ್ತು.

"ಲೋ, ಒಂದು ಮಾತು ಸ್ಪಷ್ಟ ಆಗ್ಲಿ," ಎಂದು ದೊಡ್ಡಮ್ಮ ಮುಂದೆ ಬಂದಳು. "ಮೊನ್ನೆ ತಾನೆ ಕೂಲಿ ಎಣಿಸ್ಕೊಂಡು, 'ಇನ್ನು ಹತ್ತು ವರ್ಷ ಅರ್ಧ ನಿಮಿಷಾನೂ ತಪ್ಪಲ್ಲ' ಅಂದೆ. ಈಗ ನಿನ್ನ ಗೋಡೆ ಗಡಿಯಾರ ಸರಿ ಅಂದ್ರೆ ಇದು ಎರಡು ಗಂಟೆ ತಪ್ಪು. ಕೂಲಿ ವಾಪಸ್ ಕೊಡು."

"ನನ್ನದಕ್ಕೂ ಹೋದ ತಿಂಗಳು ನೀನೇ ಚಕ್ರ ಹಾಕಿದ್ದು ಅಣ್ಣ," ಎಂದ ಅಂಚೆಯವನು ತಗ್ಗಿದ ದನಿಯಲ್ಲಿ.

ಅತ್ತ ದರಿ, ಇತ್ತ ಹುಲಿ. ಗೋಡೆಯ ಗಡಿಯಾರ ಸರಿಯೆಂದರೆ ಕಿಟಕಿ ಉಳಿಯುತ್ತದೆ, ಕಸುಬಿನ ಮಾನ ಹೋಗುತ್ತದೆ. ಇವರ ವಾಚುಗಳು ಸರಿಯೆಂದರೆ ಮಾನ ಉಳಿಯುತ್ತದೆ, ಕಿಟಕಿ ಹೋಗುತ್ತದೆ. ಮಾನ ಹೋದವನಿಗೆ ಕಿಟಕಿಯ ಬೆಳಕಾದರೂ ಯಾಕೆ? ಅವನು ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ.

"ನಿಮ್ಮ ವಾಚುಗಳು ಸರಿಯಾಗಿವೆ," ಎಂದ.

ಆದರೆ ಆ ದ್ರೋಹಿಯನ್ನು ಸುಮ್ಮನೆ ಬಿಡುವುದುಂಟೇ? ಸ್ಟೂಲು ಎಳೆದು ಹತ್ತಿದ. ಭೂತಗನ್ನಡಿ ಕಣ್ಣಿಗಿಟ್ಟು ಗಡಿಯಾರದ ಗಾಜಿನ ಬಾಗಿಲು ತೆರೆದ. ಲೋಲಕ ತೂಗದೆ ನಿಂತಿತ್ತು. ಅದರ ಕುತ್ತಿಗೆಗೊಂದು ದಾರ. ದಾರದ ಇನ್ನೊಂದು ತುದಿ ಒಳಗಿನ ಮೊಳೆಗೆ ಬಿಗಿದಿತ್ತು, ಹೊಲಿಗೆ ಬಲ್ಲವರು ಮಾತ್ರ ಹಾಕಬಲ್ಲ ಸಣ್ಣ, ಅಚ್ಚುಕಟ್ಟಾದ ಗಂಟಿನಲ್ಲಿ.

"ದಾರ!" ಎಂದು ಕೂಗಿದ. ಹೋದ ಜೀವ ಬಂದಿತ್ತು. "ಕಟ್ಟಿಹಾಕಿದ್ದಾರೆ! ಮೋಸ! ಬೆಳಿಗ್ಗೆ ಹೊರಡೋವಾಗ ನೀನೇ ಕಟ್ಟಿ ಹೋಗಿದ್ದೀಯ. ಪಂದ್ಯ ನಡೆಯಲ್ಲ, ಎಲ್ಲರೂ ಸಾಕ್ಷಿ!"

ಎಲ್ಲರೂ ಹೆಂಡತಿಯ ಕಡೆ ತಿರುಗಿದರು.

"ನಾನೇ ಕಟ್ಟಿದ್ದು," ಎಂದಳು ಅವಳು. "ಇವತ್ತು ಬೆಳಿಗ್ಗೆ ಅಲ್ಲ. ಮುಟ್ಟಿ ನೋಡಿ."

ಮುಟ್ಟಿದ. ಬೆರಳಿಗೆ ಕಪ್ಪು ಜಿಗುಟು ಮೆತ್ತಿತು. ಉಜ್ಜಿದರೆ ಅದರಡಿ ನೀಲಿ ಬಣ್ಣವೊಂದಿಷ್ಟು, ತೀರ ಹಳೆಯದು. ವರ್ಷಗಟ್ಟಲೆಯ ಒಗ್ಗರಣೆ, ವರ್ಷಗಟ್ಟಲೆಯ ಹೊಗೆ. ಚಕ್ರಗಳ ನಡುವೆ ಒಂದು ಜೇಡ ಮನೆ ಕಟ್ಟಿ, ಸಂಸಾರ ಮಾಡಿ, ಬಿಟ್ಟು ಹೋಗಿಯೂ ಆಗಿತ್ತು.

"ಒಂಬತ್ತು ವರ್ಷ ಆಯ್ತು," ಎಂದಳು ಹೆಂಡತಿ. "ನೀವು ಇದನ್ನ ಇಲ್ಲಿ ತಗುಲಿಹಾಕಿದ ಹನ್ನೊಂದನೇ ದಿನ. ಮುಂದಿನ ಕೋಣೇಲಿ ಮೂವತ್ತು ಟಿಕ್ ಟಿಕ್ ಸಾಲ್ದು ಅಂತ ಇಲ್ಲೂ ಒಂದು. ತಲೆ ಚಿಟ್ಟು ಹಿಡೀತು. ಆವತ್ತು ಪಾತ್ರೆ ತೊಳೆದು, ಕಟ್ಟೆ ಒರೆಸಿ, ಎಲ್ಲ ಒಣಗಿದ ಮೇಲೆ ಈ ಮಣೆ ಮೇಲೆ ಕೂತಿದ್ದೆ. ನಾಲ್ಕು ಇಪ್ಪತ್ತಾಗಿತ್ತು. ದಿನದಲ್ಲಿ ನಂದು ಅನ್ನೋ ಹೊತ್ತು ಅದೊಂದೇ. ಹೋಗೋಕೆ ಬಿಡೋದು ಯಾಕೆ ಅನ್ನಿಸ್ತು. ಕಟ್ಟಿಹಾಕಿದೆ."

"ಹೇಳ್ಬಾರ್ದಿತ್ತಾ?" ಎಂದ ಅವನು ಸ್ಟೂಲಿನ ಮೇಲಿಂದ. ದನಿ ಇಳಿದಿತ್ತು.

"ಆವತ್ತೇ ಹೇಳೋಕೆ ಬಂದೆ. 'ಒಂದ್ನಿಮಿಷ' ಅಂದ್ರಿ." ಅವಳು ಕಾಲಬೆರಳಿನ ಬಳಿಯ ಬೀಜವನ್ನು ಎತ್ತಿ ಕಿಟಕಿಯ ಅಂಚಿಗಿಟ್ಟಳು. "ಆ ನಿಮಿಷ ಮುಗೀಲಿ ಅಂತ ಕಾಯ್ತಾನೇ ಇದ್ದೀನಿ."

ಮೇಷ್ಟ್ರು ಕೆಮ್ಮಿದರು. ಅಂಚೆಯವನು ಟಪ್ಪಾಲು ಚೀಲವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿದ. ಕಳ್ಳನಿಗೆ ಚೇಳು ಕಡಿದಂತಾಗಿತ್ತು ಗಡಿಯಾರದವನಿಗೆ. ಬಾಯಿಬಿಟ್ಟು ಅಳುವಂತಿಲ್ಲ. ಅತ್ತರೆ, ಒಂಬತ್ತು ವರ್ಷ ತನ್ನ ಮನೆಯ ಗಡಿಯಾರ ನಿಂತಿದೆಯೆಂದು ತಿಳಿಯದವನು ಊರಿನ ಗಡಿಯಾರ ನಡೆಸುತ್ತಾನೆಂದು ಬೋರ್ಡು ಹಾಕಿಸಿದ ಹಾಗಾಗುತ್ತದೆ.

"ದೊಡ್ಡಮ್ಮ," ಎಂದ ಕೆಳಗಿಳಿಯುತ್ತ, "ಈ ಮಾತು ಈ ಮನೆ ದಾಟೋದು ಬೇಡ."

"ಛೆ, ನಾನ್ಯಾಕೆ ಹೇಳ್ಲಿ?" ಎಂದಳು ದೊಡ್ಡಮ್ಮ. ಆಗಲೇ ಅವಳ ಒಂದು ಕಾಲು ಬೀದಿಯಲ್ಲಿತ್ತು.

ಕತ್ತಲಾಗುವ ಮೊದಲು ಮೆಷಿನ್ನು ಕಿಟಕಿಯ ಬಳಿ ಕೂತಿತು. ಅವನು ಮೂವತ್ತೆಂಟು ಪಾತ್ರೆಗಳನ್ನು ಬಲದಿಂದ ಎಡಕ್ಕೆ ತೊಳೆದ. ಕಾಲು ಗಂಟೆಯ ಕೆಲಸ ಎಷ್ಟು ಹೊತ್ತು ಹಿಡಿಯಿತೆಂದು ಅವನು ಯಾರನ್ನೂ ಕೇಳಲಿಲ್ಲ. ತಳ ಹಿಡಿದ ಅನ್ನದ ಮೇಲಿನ ಪದರವನ್ನು ಇಬ್ಬರೂ ಉಂಡರು. ಕೈ ತೊಳೆಯುವಾಗ ಹೆಂಡತಿಯೇ ಹೇಳಿದಳು: "ಸೌದೆ ಕೋಣೇಲಿ ನಿಮ್ಮ ಕಣ್ಣು ಹೋಗುತ್ತೆ. ಅಡುಗೆಮನೆ ಕಿಟಕಿ ಕೆಳಗೆ ಮೇಜು ಹಾಕ್ಕೊಳ್ಳಿ. ಮೂಡಲ ಬೆಳಕು ಚೆನ್ನಾಗಿದೆ. ಹೇಗೂ ಅಲ್ಲೇ ಇರ್ತೀರಲ್ಲ, ಒಲೆ ಕಡೆ ಸ್ವಲ್ಪ ನೋಡ್ಕೊಳ್ಳಿ."

ಅವನ ಕಣ್ಣು ತೇವವಾಯಿತು. ಇಷ್ಟು ಒಳ್ಳೆಯವಳನ್ನು ತಾನು ಮೋಸಗಾತಿ ಎಂದೆನಲ್ಲ! 'ಒಲೆ ಕಡೆ ಸ್ವಲ್ಪ' ಎಂಬುದರ ತೂಕ ಅವನಿಗೆ ಆಗ ತಿಳಿಯಲಿಲ್ಲ. ಮುಂಜಾನೆ ಹಾಲಿನಿಂದ ಹಿಡಿದು ರಾತ್ರಿಯ ತೊಟ್ಟಿಯವರೆಗೆ ಅದು ಹಬ್ಬಿಕೊಳ್ಳಲು ಎರಡು ವಾರ ಬೇಕಾಯಿತು.

ಹೀಗೆ ಊರಿನ ಗಡಿಯಾರಗಳು ಅಡುಗೆಮನೆಗೆ ಬಂದವು. ಮೂವತ್ತನ್ನೂ ಅಲ್ಲಿ ತೂಗುಹಾಕಲು ಹೆಂಡತಿ ಬಿಡಲಿಲ್ಲ. ಒಂದು ಸಲಕ್ಕೆ ಒಂದು, ಮುಗಿದ ಕೂಡಲೇ ಹೊರಗೆ. ಹೆಗಲ ಮೇಲೆ ಒರೆಸುವ ಬಟ್ಟೆ, ಪಕ್ಕದಲ್ಲಿ ಸಿಪ್ಪೆ ಬುಟ್ಟಿ. ಬಾಗಿಲ ಮೇಲಿನ ದಾರವನ್ನು ಬಿಚ್ಚಲು ಅವನು ಒಂದೆರಡು ಸಲ ಸ್ಟೂಲು ಎಳೆದದ್ದುಂಟು. ಯಾಕೋ ಕೈ ಬರಲಿಲ್ಲ.

ಒಂದು ಮಧ್ಯಾಹ್ನ ಅಂಚೆಯವನ ವಾಚಿನ ಅತಿ ಸಣ್ಣ ಸ್ಪ್ರಿಂಗನ್ನು ಚಿಮಟದ ತುದಿಯಲ್ಲಿ ಹಿಡಿದು ಅವನು ಉಸಿರು ಬಿಗಿಹಿಡಿದಿದ್ದ. ಕಡೆಗಣ್ಣಿಗೆ ಒಲೆಯ ಮೇಲೆ ಬೆಳ್ಳನೆಯದೇನೋ ಮೆಲ್ಲಗೆ ಏಳುತ್ತಿರುವುದು ಕಂಡಿತು.

"ಏ, ಇಲ್ಲಿ ಬಾರೇ! ಹಾಲು ಉಕ್ತಿದೆ, ಕೈ ಬಿಡೋ ಹಾಗಿಲ್ಲ!"

ಮುಂದಿನ ಕೋಣೆಯಲ್ಲಿ ಮೆಷಿನ್ನಿನ ಕಟಕಟ ಸದ್ದು ನಿಲ್ಲಲಿಲ್ಲ. ಕಿಟಕಿಯ ಬೆಳಕಿನಿಂದ, ತಲೆಯೆತ್ತದವರ ದನಿಯಲ್ಲಿ ಉತ್ತರ ಬಂತು.

"ಒಂದ್ನಿಮಿಷ!"

ಅವನು ಬಾಗಿಲ ಮೇಲೆ ನೋಡಿದ. ನಾಲ್ಕು ಇಪ್ಪತ್ತು. ಒಂಬತ್ತು ವರ್ಷದ ಬಾಕಿ. ಮೊದಲನೆಯ ನಿಮಿಷ ಈಗಷ್ಟೇ ಸಂದಾಯವಾಗುತ್ತಿತ್ತು.

ಸುಂಯ್ ಎಂದಿತು ಒಲೆ.